ಬೇವಿನ ಮರದ ಕೆಳಗೆ ನಿಂತ ಗಾಡಿ

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಿಡಗುಂದಿಯಲ್ಲಿ ಆಲಮಟ್ಟಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಿಸಿಲಿಗೆ ಒಂದು ಜೀಪು ನಿಂತಿತ್ತು. ಅದರ ಡ್ರೈವರ್ ಬಂದು ಬಾಗಿಲು ತೆಗೆದ. ಕಾದ ರೆಕ್ಸಿನ್, ಡೀಸೆಲ್, ಫಿನಾಯಿಲ್ ಮೂರೂ ಕೂಡಿದ ಬಿಸಿ ಗಾಳಿ ಹೊರಗೆ ಬಂದು ನನ್ನ ಮುಖಕ್ಕೆ ಹೊಡೆಯಿತು. ನಾನು ಹತ್ತಬೇಕಾದ ಬಸ್ಸು ಬಂತು, ನಿಂತಿತು, ಹೋಯಿತು. ನಾನು ಕಟ್ಟೆಯ ಮೇಲೆ ಕುಳಿತೇ ಇದ್ದೆ. ನಾನು ಮರೆತಿದ್ದೇನೆ ಎಂದು ತಿಳಿದುಕೊಂಡಿದ್ದ ಒಂದು ಬೇಸಿಗೆ ಆ ವಾಸನೆಯೊಳಗೆ ಇಡಿಯಾಗಿ ಉಳಿದಿತ್ತು.

ಹದಿನೈದು ವರ್ಷದ ಹಿಂದಿನ ಮಾತಿರಬೇಕು. ನಾನು ಮುಳವಾಡ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದೆ ಓದಲಾಗದೆ, ಲಾರಿ, ಟೆಂಪೋ, ಸಾಹುಕಾರರ ಕಾರು ಎಂದು ಸಿಕ್ಕಿದ್ದನ್ನೆಲ್ಲ ಓಡಿಸಿ, ಐವತ್ತು ದಾಟಿದ ಮೇಲೆ ಒಂದು ಸಮೀಕ್ಷೆಯ ಗಾಡಿಗೆ ಡ್ರೈವರನಾಗಿ ಸೇರಿದೆ. ನಮ್ಮ ಕಡೆಯ ಊರುಗಳಲ್ಲಿ ಎಚ್‌ಐವಿ ಎಷ್ಟು ಮನೆ ಹೊಕ್ಕಿದೆ, ಅದರ ಬೆನ್ನು ಹಿಡಿದು ಕ್ಷಯ ಎಷ್ಟು ಜನರಿಗೆ ಹತ್ತಿದೆ ಎಂದು ಕಂಡುಹಿಡಿಯುವ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಚೀಟಿ ಎತ್ತಿದಂತೆ ಊರುಗಳನ್ನು ಆರಿಸಿದ್ದರು. ಊರಿನೊಳಗೆ ಮನೆಗಳನ್ನೂ ಹಾಗೆಯೇ ಆರಿಸುತ್ತಿದ್ದರು. ಆರಿಸಿದ ಮನೆಯಲ್ಲಿ ಬೇನೆ ಇರಬೇಕೆಂದೇನೂ ಇರಲಿಲ್ಲ. ಆದರೆ ಹಾಗೆ ಕಣ್ಣು ಮುಚ್ಚಿ ಆರಿಸಿದರೂ ಕೆಲವು ಓಣಿಗಳಲ್ಲಿ ಮನೆಮನೆಗೂ ಚಿಕ್ಕ ವಯಸ್ಸಿನ ವಿಧವೆಯರು ಬಾಗಿಲು ತೆಗೆಯುತ್ತಿದ್ದರು.

ಗಾಡಿಯಲ್ಲಿ ಇರುತ್ತಿದ್ದವರು ನಾವು ಮೂವರು. ಮೈಸೂರು ಕಡೆಯ ಡಾಕ್ಟರಮ್ಮ, ಇನ್ನೂ ಮೂವತ್ತೈದು ದಾಟಿರದ ಹೆಣ್ಣುಮಗಳು. ಬಾಗೇವಾಡಿಯ ನರ್ಸ್ ರಾಜಮಾ. ಮತ್ತೆ ನಾನು. ರಾಜಮಾ ಮನೆಯೊಳಗೆ ಹೋಗಿ ಒಂದೆರಡು ಹನಿ ರಕ್ತ ತೆಗೆದುಕೊಂಡು, ಎರಡು ಪ್ಲಾಸ್ಟಿಕ್ ಡಬ್ಬಿ ಕೊಡುತ್ತಿದ್ದಳು. ಒಂದರಲ್ಲಿ ಆಗಲೇ ಕಫ ಕೊಡಬೇಕು, ಇನ್ನೊಂದರಲ್ಲಿ ಮರುದಿನ ಬೆಳಿಗ್ಗೆ ಎದ್ದ ಕೂಡಲೇ ಕೊಡಬೇಕು. ಜನ ಬಾಯೊಳಗಿನ ಉಗುಳನ್ನೇ ಉಗುಳಿ ಕೊಡುತ್ತಿದ್ದರು. "ಇದು ಉಗುಳ ಐತ್ರಿ ಯಜಮಾನ್ರ. ಎದಿಯಿಂದ ಬರ್ಬೇಕ್ರಿ, ಎದಿಯಿಂದ," ಎಂದು ರಾಜಮಾ ತಾನೇ ಸೊಂಟಕ್ಕೆ ಕೈಕೊಟ್ಟು ಕೆಮ್ಮಿ ತೋರಿಸುತ್ತಿದ್ದಳು. ಓಣಿಯ ಮಕ್ಕಳೆಲ್ಲ ಅವಳ ಹಿಂದೆ ಸೊಂಟಕ್ಕೆ ಕೈಕೊಟ್ಟು ಕೆಮ್ಮುತ್ತ ನಡೆಯುತ್ತಿದ್ದವು. ಮುದುಕರು, "ಸರಕಾರಕ್ಕ ಉಗುಳಿಗೂ ಬರ ಬಂತೇನವಾ?" ಎಂದು ನಗುತ್ತಿದ್ದರು. ನಮ್ಮ ಜೀಪಿಗೆ ಉಗುಳಿನ ಗಾಡಿ ಎಂದೇ ಹೆಸರು ಬಿದ್ದಿತ್ತು.

ಡಾಕ್ಟರಮ್ಮ ಮೊದಲ ದಿನವೇ ನನಗೆ ಒಂದು ಮಾತು ಹೇಳಿದ್ದರು.

"ಕಾಕಾ, ಗಾಡಿ ಯಾವತ್ತೂ ಓಣಿಯೊಳಗೆ ಬರಬಾರದು. ಬಸ್ ನಿಲ್ಲೋ ಕಡೆ ನಿಲ್ಲಿಸಿ. ಎಷ್ಟು ದೂರವಾದರೂ ನಾವು ನಡೆದು ಹೋಗ್ತೀವಿ. ನಮ್ಮ ಗಾಡಿ ಯಾರ ಮನೆ ಮುಂದೆ ನಿಲ್ಲುತ್ತೋ ಆ ಮನೆ ಕೆಡುತ್ತೆ."

"ತಿಳೀತ್ರೀ ಬಾಯಾರ," ಎಂದೆ. ತಿಳಿದೂ ಇತ್ತು. ತಿಳಿಯದೆ ಮಾಡಿದ ತಪ್ಪಾಗಿದ್ದರೆ ಇಂದು ಇದನ್ನು ಬರೆಯುತ್ತಿರಲಿಲ್ಲ.

ಸಿಂದಗಿಯಿಂದ ಇಂಡಿಗೆ ಹೋಗುವ ಕಡೆ ಒಂದು ಊರು. ಅದರ ಹೆಸರು ಬರೆಯುವುದಿಲ್ಲ, ಅಲ್ಲಿಯವರ ಹೆಸರುಗಳನ್ನೂ ಬದಲಿಸಿದ್ದೇನೆ. ದೊಡ್ಡ ಊರು. ಜೋಳದ ರಾಶಿ ಮುಗಿದಿತ್ತು, ಪುಣೆ ಗೋವಾ ಕಡೆ ದುಡಿಯಲು ಹೋದವರು ಯುಗಾದಿಗೆಂದು ಬಂದಿದ್ದರು. ಎಲ್ಲರೂ ಮನೆಯಲ್ಲಿ ಸಿಗುವ ಕಾಲ ಎಂದು ಆ ಊರಿನ ಕೆಲಸವನ್ನು ಬೇಸಿಗೆಗೇ ಇಟ್ಟುಕೊಂಡಿದ್ದರು. ಹಲವು ವಾರ ದಿನಾ ಅಲ್ಲಿಗೆ ಹೋದೆವು. ಬಸ್ಸು ನಿಲ್ಲುವ ಜಾಗದಲ್ಲಿ ಗುರಪ್ಪನ ಚಹಾದ ಹೋಟೆಲಿತ್ತು. ತಗಡಿನ ಸೂರು, ಎರಡು ಬೆಂಚು. ಹೋಟೆಲಿನ ಎದುರಿಗೆ ರಸ್ತೆ ದಾಟಿದರೆ ಒಂದು ಸಣ್ಣ ಓಣಿ, ಆ ಓಣಿಯ ಬಾಯಿಗೆ ಬೇವಿನ ಮರ. ಸುತ್ತಮುತ್ತ ಕಣ್ಣು ಹಾಯಿಸಿದಷ್ಟೂ ದೂರ ನೆರಳೆಂದರೆ ಅದೊಂದೇ.

ಬೇವಿನ ಮರ ಇದ್ದದ್ದು ಸಂಗವ್ವನ ಮನೆಯ ಮುಂದೆ.

ಸಂಗವ್ವ ಮೂವತ್ತರ ಆಚೀಚಿನ ವಿಧವೆ. ಗಂಡ ಬೇರೆ ಊರಿಗೆ ಬಾವಿ ತೋಡುವ ಕೆಲಸಕ್ಕೆ ಹೋದವನು ದಂಡೆ ಕುಸಿದು ಸತ್ತಿದ್ದ. ಮನೆಯಲ್ಲಿ ಅವಳು ಮತ್ತು ಕಣ್ಣು ಕಾಣದ ಅತ್ತೆ. ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದಳು. ಬೆಳಗಿನ ಜಾವದಿಂದಲೇ ಅವಳ ಮನೆಯಿಂದ ತಪ್ ತಪ್ ಎಂದು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತಂತೆ. ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಸಿಂದಗಿಯ ಬಸ್ಸಿಗೆ ಇಡುತ್ತಿದ್ದಳು. ಕಂಡಕ್ಟರ್ ಅದನ್ನು ಅಲ್ಲಿಯ ಖಾನಾವಳಿಯವರಿಗೆ ಕೊಟ್ಟು, ಸಂಜೆ ಖಾಲಿ ಅರಿವೆ ತಂದುಕೊಡುತ್ತಿದ್ದ. ಊರಿನ ಗುರಪ್ಪನ ಹೋಟೆಲಿಗೂ ಅವಳದೇ ರೊಟ್ಟಿ, ಮದುವೆ ಮುಂಜಿಗೂ ಅವಳದೇ.

ಬಸ್ಸು ನಿಲ್ಲುವ ಜಾಗದಲ್ಲಿ ಹೊತ್ತು ಏರುತ್ತಿದ್ದಂತೆ ಗಾಡಿ ಹೆಂಚಿನಂತೆ ಕಾಯುತ್ತಿತ್ತು. ಹಿಂದಿನ ಸೀಟಿನ ಮೇಲೆ ಕಫದ ಡಬ್ಬಿಗಳಿದ್ದ ಥರ್ಮಾಕೋಲಿನ ಪೆಟ್ಟಿಗೆ, ಅದರೊಳಗೆ ಬರ್ಫ. ಬರ್ಫ ಕರಗಿದರೆ ಡಬ್ಬಿ ಕೆಡುತ್ತವೆ, ಡಬ್ಬಿ ಕೆಟ್ಟರೆ ಇವರ ಕೆಲಸವೇ ಕೆಡುತ್ತದೆ ಎಂದುಕೊಂಡು ಒಂದು ದಿನ, ಡಾಕ್ಟರಮ್ಮ ಮತ್ತು ರಾಜಮಾ ಊರೊಳಗೆ ಹೋದ ಮೇಲೆ, ಗಾಡಿಯನ್ನು ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದೆ. ಅವರು ತಿರುಗಿ ಬರುವ ಹೊತ್ತಿಗೆ ಮತ್ತೆ ರಸ್ತೆಗೆ ಒಯ್ದು ನಿಲ್ಲಿಸಿದೆ. ಬರ್ಫದ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ನೆರಳಿನಲ್ಲಿ ಸೀಟು ಹಿಂದಕ್ಕೆ ಚಾಚಿ ಮಲಗಿದರೆ ಬರುವ ನಿದ್ದೆ, ಎದ್ದ ಕೂಡಲೇ ಸಂಗವ್ವ ಕೊಡುತ್ತಿದ್ದ ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ, ಇವಕ್ಕೆ ನಾನು ಸೋತಿದ್ದೆ. ಪೆಟ್ಟಿಗೆಯನ್ನು ಎತ್ತಿ ಗುರಪ್ಪನ ಹೋಟೆಲಿನೊಳಗೆ ಇಡಬಹುದಿತ್ತು. ಅದು ಹೊಳೆಯಲಿಲ್ಲವೆಂದಲ್ಲ.

ಅದಾದ ಮೇಲೆ ದಿನಾ ಅಲ್ಲಿಯೇ ನಿಲ್ಲಿಸಿದೆ.

"ಡ್ರೈವರ್ ಸಾಹೇಬ್ರ, ಇನ್ನೊಂದ್ ಹಾಕ್ಲೇನ್ರಿ?" ಎಂದು ಸಂಗವ್ವ ಒಳಗಿನಿಂದ ಕೇಳುತ್ತಿದ್ದಳು.

ಅವಳ ಅತ್ತೆ ಹೊರಸಿನ ಮೇಲಿಂದ, "ಹಾಕ್ಲೇನಂತ ಕೇಳ್ತಾರೇನ ಹುಚ್ಚಿ? ಹಾಕಬೇಕು. ಗಂಡಸ್ರು ಸಾಕು ಅಂದದ್ದ ಯಾವಾಗ ಕೇಳೀದಿ?" ಎನ್ನುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ನಗುತ್ತಿದ್ದರು. ನನ್ನನ್ನು ಜೀವಮಾನದಲ್ಲಿ ಯಾರೂ ಸಾಹೇಬ್ರ ಎಂದಿರಲಿಲ್ಲ. ಆ ಮಾತೂ ರೊಟ್ಟಿಯಷ್ಟೇ ರುಚಿಯಾಗಿತ್ತು.

ಚೀಟಿ ಎತ್ತಿದ ಮನೆಗಳಲ್ಲಿ ಸಂಗವ್ವನ ಮನೆಯೂ ಇತ್ತು. ಬೆಳಿಗ್ಗೆ, ಗಾಡಿ ಇನ್ನೂ ರಸ್ತೆಯಲ್ಲಿದ್ದಾಗಲೇ, ರಾಜಮಾ ನಡೆದು ಹೋಗಿ ಅವಳ ರಕ್ತ, ಕಫ ತೆಗೆದುಕೊಂಡು ಬಂದಳು. ಕೆಲವು ದಿನಗಳ ಮೇಲೆ ಫಲಿತಾಂಶವನ್ನು ಅವಳೊಬ್ಬಳನ್ನೇ ಒಳಗೆ ಕರೆದು ಹೇಳಿದಳು. ಅಂದು ಮಧ್ಯಾಹ್ನ ರೊಟ್ಟಿ ಕೊಡುವಾಗ ಸಂಗವ್ವ ತಾನಾಗಿಯೇ ನನಗೆ ಹೇಳಿದಳು: "ನನಗೇನೂ ಇಲ್ಲಂತ್ರೀ. ಆ ಬ್ಯಾನಿನೂ ಇಲ್ಲ, ಕೆಮ್ಮಿನ ಬ್ಯಾನಿನೂ ಇಲ್ಲ. ನನ್ನ ರಕ್ತ ಎಣ್ಣಿ ಹಂಗ ಐತಂತ." ಎಣ್ಣೆಯ ಮಾತು ಅವಳೇ ಸೇರಿಸಿದ್ದು.

ಅದೇ ಓಣಿಯಲ್ಲಿ, ಸಂಗವ್ವನ ಗೋಡೆಗೆ ಗೋಡೆ ಹತ್ತಿದ ಮನೆ ಭೀಮಣ್ಣನದು. ಅದೂ ಚೀಟಿಯಲ್ಲಿ ಬಂದಿತ್ತು. ಒಂದು ಬೆಳಿಗ್ಗೆ ರಾಜಮಾ, "ಕಾಕಾ, ನಾಳಿ ಲಗೂ ಬರೋಣು. ಊರ ಹೊರಗ, ಹಳ್ಳದ ಹತ್ರ ಒಬ್ರು ನಿಂತಿರ್ತಾರ," ಎಂದಳು. ಮರುದಿನ ಸೂರ್ಯ ಮೂಡುವ ಮೊದಲೇ ಹೋದೆವು. ಜಾಲಿಗಿಡದ ಮರೆಯಿಂದ ಭೀಮಣ್ಣ ಬಂದ. ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದ. ಎದೆಗೂಡು ಅಂಗಿಯ ಮೇಲೆಯೇ ಕಾಣುತ್ತಿತ್ತು. ಕ್ಷಯ ಎದೆ ತುಂಬಿತ್ತು, ಅದಕ್ಕೆ ದಾರಿ ಮಾಡಿಕೊಟ್ಟ ಇನ್ನೊಂದು ಬೇನೆಯೂ ಇತ್ತು. ಹೆಂಡತಿ ಕಾಶವ್ವನಿಗೂ ಅದು ಬಂದಿತ್ತು. ಇಂಡಿಯ ದೊಡ್ಡಾಸ್ಪತ್ರೆಗೆ ಮುಟ್ಟಿಸುವ ತನಕ ಭೀಮಣ್ಣ ಒಂದೇ ಮಾತನ್ನು ಮತ್ತೆ ಮತ್ತೆ ಅಂದ:

"ಗಾಡಿ ನಮ್ಮ ಮನಿ ಮುಂದ ತರಬ್ಯಾಡ್ರೀ ಯಪ್ಪಾ. ನಿಮ್ಮ ಕಾಲ್ ಬೀಳ್ತೇನಿ. ಮಗಾ ಸಣ್ಣಾಂವ ಅದಾನ."

"ತರೂದಿಲ್ಲೋ ತಮ್ಮಾ, ಚಿಂತಿ ಬ್ಯಾಡ," ಎಂದು ನಾನು ಧೈರ್ಯ ಹೇಳಿದೆ. ಅದೇ ದಿನ ಮಧ್ಯಾಹ್ನ ಗಾಡಿಯನ್ನು ಒಯ್ದು ಸಂಗವ್ವನ ಮನೆಯ ಮುಂದೆ ನಿಲ್ಲಿಸಿ ನಿದ್ದೆ ಮಾಡಿದೆ. ಆಗ ಏನೂ ಅನ್ನಿಸಲಿಲ್ಲ.

ಮೊದಮೊದಲು ಊರಿನವರು ಬೇರೆಯೇ ಮಾತಾಡಿಕೊಂಡರು. "ಏನ್ರೀ ಡ್ರೈವರ್ ಸಾಹೇಬ್ರ, ಬೇವಿನ ನೆರಳ ಭಾಳ ತಂಪ ಐತೇನು?" ಎಂದು ಗುರಪ್ಪನ ಹೋಟೆಲಿನಲ್ಲಿ ಕಣ್ಣು ಮಿಟುಕಿಸುತ್ತಿದ್ದರು. ನನಗೂ ಸಿಟ್ಟು ಬರುತ್ತಿರಲಿಲ್ಲ. ಅಷ್ಟರಲ್ಲಿ ಉಗುಳಿನ ಗಾಡಿ ಬರಿಯ ಉಗುಳಿಗೆ ಬಂದದ್ದಲ್ಲ, ರಕ್ತದಲ್ಲಿ ಏಡ್ಸ್ ಹುಡುಕಲು ಬಂದದ್ದು ಎಂಬ ಸುದ್ದಿ ಊರ ತುಂಬ ಹಬ್ಬಿತು. ಒಂದು ದಿನ ಚಹಾ ಕೊಡುತ್ತ ಗುರಪ್ಪ ದನಿ ತಗ್ಗಿಸಿ ಕೇಳಿದ:

"ಖರೇ ಹೇಳ್ರಿ. ದಿನಾ ಗಾಡಿ ಅಲ್ಲೇ ಯಾಕ ನಿಂದರ್ತೈತಿ? ನೀವು ಹೋಗೂದೋ, ಆಫೀಸಿನವ್ರು ಕಳಸೂದೋ?"

ಬೆಂಚಿನ ಮೇಲೆ ಏಳೆಂಟು ಜನರಿದ್ದರು. ನೆರಳಿಗೆ ಹೋಗುತ್ತೇನೆ, ನಿದ್ದೆ ಮಾಡುತ್ತೇನೆ ಎಂದರೆ ಮಾತು ಡಾಕ್ಟರಮ್ಮನ ಕಿವಿಗೆ ಬಿದ್ದು ನೌಕರಿ ಹೋಗುತ್ತಿತ್ತು. ನಾನಾಗಿಯೇ ಹೋಗುತ್ತೇನೆ ಎಂದರೆ ಮತ್ತೆ ಕಣ್ಣು ಮಿಟುಕಿಸುವುದು ಶುರುವಾಗುತ್ತಿತ್ತು, ಆ ಸುದ್ದಿ ಮುಳವಾಡದ ನನ್ನ ಮನೆಯತನಕವೂ ಹೋಗುತ್ತಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಬಸಿಯಲ್ಲಿ ಚಹಾ ಸುರುವಿಕೊಂಡು, ದೊಡ್ಡ ಮನುಷ್ಯನ ಹಾಗೆ ಹೇಳಿದೆ:

"ಅದನ್ನೆಲ್ಲ ನಾವು ಹೇಳೂ ಹಂಗಿಲ್ಲ ಗುರಪ್ಪ. ಆಫೀಸಿನ ವಿಷಯ."

ಗುರಪ್ಪ ಒಮ್ಮೆ ಬೇವಿನ ಮರದ ಕಡೆ ನೋಡಿ, ಬುಟ್ಟಿಯಲ್ಲಿದ್ದ ಸಂಗವ್ವನ ರೊಟ್ಟಿಗಳ ಮೇಲೆ ಅರಿವೆ ಮುಚ್ಚಿದ. ಆ ರೊಟ್ಟಿಗಳನ್ನು ಅವನು ಅಂದು ಯಾರಿಗೂ ಕೊಡಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಮುಂದೆ ನಡೆದದ್ದಕ್ಕೆ ಬಹಳ ದಿನ ಬೇಕಾಗಲಿಲ್ಲ. ಮದುವೆಯೊಂದಕ್ಕೆ ರೊಟ್ಟಿ ಹೇಳಿದ್ದವರು ಬೇಡವೆಂದರು. ಸಂಗವ್ವ ಕೊಡದಲ್ಲಿ ನೀರು ತುಂಬಲು ಹೋದರೆ ಹೆಂಗಸರು ನಲ್ಲಿಯ ಹತ್ತಿರದಿಂದ ಸರಿದು ನಿಂತರು. ಗಂಡ ಸತ್ತದ್ದನ್ನೂ ಜನ ಹೊಸದಾಗಿ ನೆನೆದರು. "ಬಾವ್ಯಾಗ ಸತ್ತ ಅಂತಾಳ. ಯಾವ ಬಾವ್ಯಾಗೋ ಏನೋ!" ಎಂದು ಒಬ್ಬ ಅಂದ, ಉಳಿದವರು ನಕ್ಕರು. ಎಲ್ಲರಿಗಿಂತ ಜೋರಾಗಿ ಮಾತಾಡಿದವಳು ಪಕ್ಕದ ಮನೆಯ ಕಾಶವ್ವ. "ನಮ್ಮ ಗ್ವಾಡಿಗೆ ಆಕಿ ಗ್ವಾಡಿ ಹತ್ತೇತಿ, ನಾವ್ ಹೆಂಗ್ ಬಾಳೇ ಮಾಡೂದ್ರಿ?" ಎಂದು ನಾಲ್ಕು ಜನರ ಮುಂದೆ ಕೂಗಿದಳು. ಆಗ ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಅವಳು ತನ್ನ ಮಗನನ್ನು ಉಳಿಸಿಕೊಳ್ಳುತ್ತಿದ್ದಳು ಎಂದು ಈಗ ತಿಳಿಯುತ್ತದೆ.

ಒಂದು ಸಂಜೆ ಸಿಂದಗಿಯ ಬಸ್ಸು ಬಂತು. ನಾವು ಹೊರಡಲು ಗಾಡಿ ಹತ್ತಿದ್ದೆವು. ಕಂಡಕ್ಟರ್ ಕೆಳಗಿಳಿದು ಗಂಟನ್ನು ಸಂಗವ್ವನ ಕೈಗೆ ಕೊಡದೆ ನೆಲದ ಮೇಲೆ ಇಟ್ಟ. ಕಟ್ಟಿದ ಗಂಟು ಬಿಚ್ಚಿಯೇ ಇರಲಿಲ್ಲ. ಖಾನಾವಳಿಯವರು ಹಾಗೆಯೇ ತಿರುಗಿ ಕಳಿಸಿದ್ದರು.

"ಯಾಕೋ ಯಣ್ಣಾ?" ಎಂದಳು ಸಂಗವ್ವ.

"ನನ್ನ ಕೇಳಬ್ಯಾಡವಾ. ನಾಳಿಂದ ಇಡಬ್ಯಾಡಂದ್ರು," ಎಂದು ಅವನು ಸೀಟಿ ಊದಿದ.

ಸಂಗವ್ವ ಆ ಗಂಟನ್ನು ಎತ್ತಿಕೊಂಡು ನೇರವಾಗಿ ನಮ್ಮ ಗಾಡಿಯ ಹತ್ತಿರ ಬಂದಳು. ನನ್ನ ಕಡೆ ನೋಡಲಿಲ್ಲ. ಡಾಕ್ಟರಮ್ಮನ ಬಾಗಿಲಿಗೆ ಬಂದು ನಿಂತಳು.

"ಬಾಯಾರ, ನನಗ ಏನೂ ಇಲ್ಲಂತ ನೀವ ಹೇಳೀರಿ. ಅದನ್ನ ಅಲ್ಲಿ ಹೋಟ್ಲದಾಗ ಒಮ್ಮೆ ಹೇಳಿಬಿಡ್ರಿ. ನಾ ಹೇಳಿದ್ರ ಯಾರೂ ನಂಬವಲ್ರು. ಬ್ಯಾನಿ ಇದ್ದವ್ರೂ ಇಲ್ಲಂತಾನ ಹೇಳ್ತಾರ ಅಂತಾರ್ರೀ ಮಂದಿ."

ಡಾಕ್ಟರಮ್ಮ ಕೆಳಗಿಳಿದರು. "ಸಂಗವ್ವ, ನಾನು ಯಾರ ವಿಷಯವನ್ನೂ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲಮ್ಮ. ಇದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ."

"ಐತಿ ಅಂತ ಹೇಳಬಾರ್ದು, ಅದು ಬರೊಬ್ಬರಿ ಐತ್ರಿ. ಇಲ್ಲ ಅನ್ನಾಕ ಏನ್ ಅಡ್ಡೀರಿ?"

ಡಾಕ್ಟರಮ್ಮ ಅವಳ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಗಾಡಿ ಹತ್ತಿದರು. ಗಾಡಿ ಊರು ದಾಟಿದ ಮೇಲೆ ಅವರು ರಾಜಮಾಳನ್ನು ಕೇಳಿದರು: "ಇಷ್ಟು ಮನೆಗೆ ಹೋಗಿದ್ದೀವಿ. ಊರಿನವರು ಇವಳೊಬ್ಬಳನ್ನೇ ಯಾಕೆ ಹಿಡಿದುಕೊಂಡರು?" ರಾಜಮಾ ತನಗೆ ತಿಳಿಯದು ಎಂದಳು. ನಾನು ಸ್ಟೇರಿಂಗ್ ಹಿಡಿದು ರಸ್ತೆ ನೋಡುತ್ತಿದ್ದೆ. ಕನ್ನಡಿಯಲ್ಲಿ ಡಾಕ್ಟರಮ್ಮನ ಮುಖ ಕಾಣುತ್ತಿತ್ತು. ಅಳುತ್ತಿದ್ದರು. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಮತ್ತೆ ಸಿಗಲಿಲ್ಲ. ನಾನು ಬಿಡಲಿಲ್ಲ.

ಆಮೇಲೆ ಡಾಕ್ಟರಮ್ಮ ಸುಮ್ಮನೆ ಕೂರಲಿಲ್ಲ. ಶಾಲೆಯ ಅಂಗಳದಲ್ಲಿ ಊರಿನವರನ್ನೆಲ್ಲ ಕೂಡಿಸಿ, ಜೊತೆಗೆ ಉಂಡರೆ, ಮುಟ್ಟಿದರೆ, ಅಡಿಗೆ ತಿಂದರೆ ಆ ಬೇನೆ ಬರುವುದಿಲ್ಲವೆಂದು ತಿಳಿಸಿ ಹೇಳಿದರು. ಜನ ಗೋಣು ಹಾಕಿದರು. ಕೊನೆಗೆ ಗುರಪ್ಪ ಎದ್ದು ನಿಂತು, "ನೀವ್ ಹೇಳೂದು ಖರೇನ ಐತ್ರೀ ಬಾಯಾರ. ತಿಂದ್ರ ಬರೂದಿಲ್ಲ. ಆದ್ರ ರೊಟ್ಟಿ ಬಾಯಾಗ ಇಟ್ಟಾಗ ನೆನಪಾಗ್ತೈತಲ್ರಿ, ಏನ್ ಮಾಡೂದು?" ಎಂದ. ಅವನು ಕೆಟ್ಟ ಮನುಷ್ಯನಲ್ಲ. ಅವನ ಹೋಟೆಲಿಗೆ ಬರುವವರು ಹೋಗಿಬಿಡುತ್ತಿದ್ದರು, ಅಷ್ಟೇ.

ನಾನು ಗಾಡಿಯನ್ನು ಮತ್ತೆ ಬೇವಿನ ಕೆಳಗೆ ಒಯ್ಯಲಿಲ್ಲ. ಅದರಿಂದಲೂ ಕೆಡುಕೇ ಆಯಿತು. "ನೋಡ್ರಿ, ಈಗ ಗಾಡಿನೂ ಆಕಿ ಮನಿಗಿ ಹೋಗವಲ್ದು. ಔಷಧ ಹತ್ತೂದಿಲ್ಲಂತ ಬಿಟ್ಟಿರಬೇಕು," ಎಂದು ಹೋಟೆಲಿನಲ್ಲಿ ಅಂದದ್ದನ್ನು ನನ್ನ ಕಿವಿಯಿಂದಲೇ ಕೇಳಿದೆ. ರೋಹಿಣಿ ಮಳೆಯ ಮೊದಲ ಹನಿ ಬೀಳುವ ಹೊತ್ತಿಗೆ ಆ ಊರಿನ ಕೆಲಸ ಮುಗಿಸಿ ನಾವು ಮುದ್ದೇಬಿಹಾಳದ ಕಡೆಗೆ ಹೊರಟೆವು. ಸಂಗವ್ವನ ಮನೆಯ ಬಾಗಿಲು ತೆರೆದಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಇರಲಿಲ್ಲ.

ಎರಡನೆಯ ಸುತ್ತಿಗೆ ಅವೇ ಮನೆಗಳಿಗೆ ಮತ್ತೆ ಹೋಗಬೇಕಿತ್ತು. ಮರುವರ್ಷ ಹೋದಾಗ ಸಂಗವ್ವನ ಬಾಗಿಲಿಗೆ ಬೀಗ ಇತ್ತು. ಅತ್ತೆ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಸಂಗವ್ವ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಚಡಚಣದ ಆಚೆ, ಮಹಾರಾಷ್ಟ್ರಕ್ಕೆ ಹೋಗಿದ್ದಳು. ಭೀಮಣ್ಣನೂ ಇರಲಿಲ್ಲ. ಔಷಧ ಶುರುವಾದದ್ದು ತಡವಾಗಿತ್ತು. ಕಾಶವ್ವ ಮಾತ್ರ ಇದ್ದಳು. ಬೆಳಗಿನ ಬಸ್ಸಿಗೆ ಸಂತೆಯ ನೆಪ ಮಾಡಿ ಇಂಡಿಗೆ ಹೋಗಿ ಗುಳಿಗೆ ತರುತ್ತಿದ್ದಳು. ಊರಿಗೆ ಅದು ಗೊತ್ತಿರಲಿಲ್ಲ. ಊರಿಗೆ ಬೇಕಾದ ಬೇನೆಯ ಮನೆ ಆಗಲೇ ಸಿಕ್ಕಿತ್ತು, ಇನ್ನೊಂದನ್ನು ಯಾರೂ ಹುಡುಕಲಿಲ್ಲ.

ಸಮೀಕ್ಷೆ ಮುಗಿಯಿತು. ಡಾಕ್ಟರಮ್ಮ ತಮ್ಮ ಊರಿಗೆ ಹೋದರು. ನಾನು ಹಳ್ಳಿ ಆಸ್ಪತ್ರೆಗಳಿಂದ ಕಫದ ಡಬ್ಬಿಗಳನ್ನು ಇಂಡಿಗೆ ತರುವ ಗಾಡಿ ಹಿಡಿದೆ. ಒಂದೆರಡು ವರ್ಷ ಕಳೆದಿರಬೇಕು. ಒಂದು ದಿನ ಡಬ್ಬಿ ಕೊಟ್ಟು ಹೊರಗೆ ಬರುವಾಗ ಬೆಂಚಿನ ಮೇಲೆ ಕುಳಿತಿದ್ದ ಹೆಂಗಸೊಬ್ಬಳು, "ಡ್ರೈವರ್ ಸಾಹೇಬ್ರ," ಎಂದಳು. ದನಿಯಿಂದ ಗುರುತು ಸಿಕ್ಕಿತು, ಮುಖದಿಂದ ಸಿಗಲಿಲ್ಲ. ಕಬ್ಬಿನ ಗ್ಯಾಂಗಿನ ಗುಡಿಸಲಿನಲ್ಲಿ ಒಂದೇ ಸೂರಿನ ಕೆಳಗೆ ಕೆಮ್ಮುವವರ ಜೊತೆ ಮಲಗಿ ಅವಳಿಗೆ ಕ್ಷಯ ಹತ್ತಿತ್ತು. ಊರೂರು ತಿರುಗುತ್ತ ಗುಳಿಗೆ ನಡುನಡುವೆ ಬಿಟ್ಟಿದ್ದಳು. ಈಗ ಗುಳಿಗೆಗೆ ಜಗ್ಗದ ಕ್ಷಯ ಆಗಿತ್ತು.

"ಈಗ ನಾ ಖರೇನ ಬ್ಯಾನಿಯಾಕಿ ಆದೆ ನೋಡ್ರಿ," ಎಂದು ನಕ್ಕಳು. ಆ ನಗು ಕೆಮ್ಮಿನಲ್ಲಿ ಮುಗಿಯಿತು.

ಅವಳ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಗಾಡಿ ಅಲ್ಲಿಗೆ ತರಬಾರದಿತ್ತು, ಕದ್ದು ತರುತ್ತಿದ್ದೆ, ಗುರಪ್ಪ ಕೇಳಿದಾಗ ಹೀಗೆ ಅಂದೆ ಎಂದೆ.

"ಗಾಡಿ ಅಲ್ಲಿ ನಿಲ್ಲಸ್ಬ್ಯಾಡ್ರಿ ಅನ್ನಬೇಕಂತ ಭಾಳ ಸಲ ಬಾಯಿಗೆ ಬಂದಿತ್ರಿ," ಎಂದಳು. "ಮಂದಿ ಕಣ್ಣು ಕಾಣ್ತಿತ್ತು ನನಗ. ಆದ್ರ ದಿನಾ ಬಂದು ಉಣ್ಣೂ ಗಿರಾಕಿಗೆ ಹೆಂಗ ಹೋಗ ಅನ್ನೂದು? ಅತ್ತಿನೂ ನೀವ್ ಬಂದ್ರ ನಗ್ತಿದ್ಳು."

ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದಳು: "ನನ್ನ ಮುಂದ ಹೇಳಿದ್ರ ಏನ್ ಬಂತು? ಎಲ್ಲಿ ಅಂದ್ರಿ, ಅಲ್ಲೇ ಹೋಗಿ ಹೇಳ್ರಿ. ಗುರಪ್ಪನ ಹೋಟ್ಲದಾಗ. ನಾ ಸಾಯೂದ್ರೊಳಗ ಹೇಳ್ರಿ. ರೊಟ್ಟಿ ಬಡಿಯೂ ಶಕ್ತಿ ಈಗಿಲ್ಲ, ಆ ಊರಿಗಿ ಹೊಳ್ಳಿ ಹೋಗೂದೂ ಇಲ್ಲ. ಆದ್ರೂ ಹೇಳ್ರಿ. ಅತ್ತಿ ಸತ್ತಾಗ ಹೆಣಾ ಹೊರಾಕ ಮಂದಿ ಬರಲಿಲ್ರಿ."

ಹೇಳುತ್ತೇನೆ ಎಂದೆ. ಹೋಗಲಿಲ್ಲ. ಮುಂದಿನ ವಾರ ಎಂದುಕೊಂಡೆ. ಆಮೇಲೆ, ಡಾಕ್ಟರಮ್ಮನೇ ಹೇಳಬಾರದೆಂದಿದ್ದರು, ನಾನು ಯಾರು ಹೇಳಲು ಎಂದು ಆ ನಿಯಮದ ಹಿಂದೆಯೇ ಅಡಗಿಕೊಂಡೆ. ಗಾಡಿ ಓಣಿಗೆ ಒಯ್ಯುವಾಗ ಬೇಡವಾಗಿದ್ದ ನಿಯಮ ಬಾಯಿ ಮುಚ್ಚಿಕೊಂಡಿರಲು ಬೇಕಾಯಿತು. ಆ ಮಳೆಗಾಲದಲ್ಲಿಯೇ ಸಂಗವ್ವ ಸತ್ತಳು. ನನಗೆ ಹೇಳಿದವಳು ರಾಜಮಾ. "ಯಾರೂ ಬಂದಿರಲಿಲ್ಲ ಕಾಕಾ. ಆಸ್ಪತ್ರೆಯವ್ರ ಮಣ್ಣ ಮಾಡಿದ್ರು," ಎಂದಳು. ಯಾಕೆ ಅಷ್ಟು ಅಳುತ್ತೀರಿ ಎಂದು ಕೇಳಿದಳು. ಅವಳಿಗೂ ಹೇಳಲಿಲ್ಲ.

ನಿಡಗುಂದಿಯಲ್ಲಿ ಆ ಜೀಪಿನ ಬಾಗಿಲು ತೆಗೆದ ದಿನ ನಾನು ಆಲಮಟ್ಟಿಗೆ ಹೋಗದೆ ಮನೆಗೆ ತಿರುಗಿದೆ. ಮರುದಿನ ಬೆಳಿಗ್ಗೆ ಬಸ್ಸು ಬದಲಿಸುತ್ತ ಬದಲಿಸುತ್ತ ಆ ಊರಿಗೆ ಹೋದೆ. ಈಗ ನನಗೆ ನೌಕರಿಯಿಲ್ಲ, ಹೆಂಡತಿಯೂ ಇಲ್ಲ. ಹೆದರಲು ಏನೂ ಉಳಿದಿಲ್ಲ. ಸತ್ತವಳ ಹೆಸರಾದರೂ ಚೊಕ್ಕ ಆಗಲಿ ಎಂದುಕೊಂಡೆ.

ಗುರಪ್ಪ ಮುದುಕನಾಗಿದ್ದ. ಹೋಟೆಲಿಗೆ ಸಿಮೆಂಟಿನ ಛತ್ತು ಬಂದಿತ್ತು. ಮೊದಲು ಗುರುತು ಹಿಡಿಯಲಿಲ್ಲ, ಆಮೇಲೆ, "ಉಗುಳಿನ ಗಾಡಿ ಸಾಹೇಬ್ರೇನ್ರೀ!" ಎಂದು ಕೈ ಹಿಡಿದು ಕೂರಿಸಿದ. ಬೆಂಚಿನ ಮೇಲೆ ಐದಾರು ಜನರಿದ್ದರು. ಅರ್ಧದಷ್ಟು ಹಳಬರು, ಉಳಿದವರು ಆಗ ಹುಡುಗರಾಗಿದ್ದವರು. ಚಹಾ ಮುಟ್ಟದೆ ಮಾತು ಶುರು ಮಾಡಿದೆ. ಬೇವಿನ ನೆರಳಿಗೆ ಗಾಡಿ ತಂದದ್ದು ನಾನು, ನಿದ್ದೆಗೆ ಮತ್ತು ರೊಟ್ಟಿಗೆ ಎಂದು ಹೇಳಿದೆ. ಸಂಗವ್ವನಿಗೆ ಏನೂ ಇರಲಿಲ್ಲ ಎಂದೆ. ಕಡೆಗೆ ಅವಳು ಸತ್ತದ್ದು ಕ್ಷಯದಿಂದ, ಅದೂ ಈ ಊರು ಬಿಡಿಸಿದ ಮೇಲೆ ಹತ್ತಿದ್ದು ಎಂದೆ. ಎಲ್ಲವನ್ನೂ ಹೇಳಿ ಮುಗಿಸಿದೆ.

ಗುರಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡ.

"ಚೊಲೋ ಹೆಣಮಗಳು ಇದ್ಳು," ಎಂದ. "ತಪ್ಪ ಆತ್ರೀ. ನಮ್ಮ ಕಡಿಂದ ದೊಡ್ಡ ತಪ್ಪ ಆತು."

ಎಷ್ಟೋ ವರ್ಷಗಳಿಂದ ಎದೆಯ ಮೇಲೆ ಕುಳಿತಿದ್ದದ್ದು ಒಂದಿಷ್ಟು ಸರಿದಂತೆ ಆಯಿತು. ಚಹಾದ ಲೋಟಕ್ಕೆ ಕೈ ಚಾಚಿದೆ.

ಆಗ ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದ ಒಬ್ಬ ತಲೆಯೆತ್ತಿದ. ಕೆಟ್ಟ ಉದ್ದೇಶದಿಂದಲ್ಲ, ಲೆಕ್ಕ ಕೂಡದೆ ಕೇಳುವವನ ಹಾಗೆ ಕೇಳಿದ:

"ಹಂಗಾದ್ರ ಕಾಕಾ, ಆವಾಗ ಬ್ಯಾನಿ ಇದ್ದದ್ದು ಯಾರ ಮನ್ಯಾಗ?"

"ಹೌದಲಾ," ಎಂದ ಇನ್ನೊಬ್ಬ. "ಬ್ಯಾನಿ ಅಂತೂ ಇತ್ತು. ಸುಮ್ಸುಮ್ಕ ಗಾಡಿ ಅಷ್ಟ ದಿನ ಬರ್ತಿತ್ತೇನು?"

"ನನಗ ಗೊತ್ತಿಲ್ರೀ," ಎಂದೆ ಅವಸರದಿಂದ. ಗೊತ್ತಿಲ್ಲ ಎಂದ ಬಾಯಿ ಒಂದಾದರೆ ಕಣ್ಣು ಇನ್ನೊಂದಾಯಿತು. ನನ್ನ ಕೈಯಲ್ಲಿ ಇರಲಿಲ್ಲ ಅದು. ರಸ್ತೆಯ ಆಚೆ, ಬಿದ್ದುಹೋದ ಸಂಗವ್ವನ ಗೋಡೆಗೆ ಹತ್ತಿದ ಮನೆಯ ಮೇಲೆ ಒಂದು ಕ್ಷಣ ನಿಂತು ತಿರುಗಿತು. ಆ ಮನೆಗೆ ಹೊಸದಾಗಿ ಸುಣ್ಣ ಬಳಿದಿದ್ದರು, ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಕಾಶವ್ವನ ಮಗನಿಗೆ ಹೆಣ್ಣು ಗೊತ್ತಾಗಿದೆ ಎಂದು ಗುರಪ್ಪ ನನ್ನನ್ನು ಕೂರಿಸುವಾಗಲೇ ಊರಿನ ಸುದ್ದಿಯ ನಡುವೆ ಹೇಳಿದ್ದ.

ಬೆಂಚಿನ ಮೇಲಿದ್ದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಒಬ್ಬೊಬ್ಬರಾಗಿ ಆ ಮನೆಯ ಕಡೆ ತಿರುಗಿದರು. "ಭೀಮಣ್ಣ ಕೆಮ್ಮಿ ಕೆಮ್ಮಿ ಸತ್ತ, ನೆನಪೈತೇನು?" ಎಂದು ಯಾರೋ ಮೆಲ್ಲಗೆ ಅಂದರು. ಗುರಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು ನೋಡುತ್ತ ನಿಂತ.

ಆ ಮನೆಯ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಕಾಶವ್ವ, ಇಷ್ಟು ಜನ ತನ್ನ ಕಡೆಗೆ ನೋಡುವುದನ್ನು ಕಂಡು ಕೈ ನಿಲ್ಲಿಸಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಮದುವೆ ಮನೆಯವರ ಸಡಗರದ ದನಿಯಲ್ಲಿ ಅಲ್ಲಿಂದಲೇ ಕೂಗಿದಳು:

"ಯಾರ್ ಬಂದಾರೋ ಗುರಪ್ಪಣ್ಣಾ? ನಮ್ಮ ಬೀಗರ ಕಡೆಯವ್ರೇನು?"